ನೆಟ್ಟಿಗೆ ಬಿದ್ದ ವಿಶ್ವ

"ರಾತ್ರಿ ಒಂದೂವರೆ ಗಂಟೆವರೆಗೆ ಘನ ಅಂಟಿಸ್ತಿದ್ದೆ," ಎಂದು ವಿಶ್ವ ಆಕಳಿಸಿದ.

"ಯಾರ ಪ್ರಾಜೆಕ್ಟು?" ರಾಯರು ಕೇಳಿದರು.

"ಮಗನದು. ಘನ, ಶಂಕು, ಸಿಲಿಂಡರು, ಎಲ್ಲದರ ನೆಟ್ ಮಾಡ್ಕೊಂಡು ಹೋಗಬೇಕಂತೆ. ನೆಟ್ ಅಂದ್ರೆ ಮಡಚಿದರೆ ಆ ಆಕಾರ ಆಗೋ ಚಪ್ಪಟೆ ಹಾಳೆ. ಅವನು ಒಂಬತ್ತಕ್ಕೇ ಮಲಗಿಬಿಟ್ಟ."

"ಸರಿಯಾಗೇ ಇದೆ. ಪ್ರಾಜೆಕ್ಟು ಮಕ್ಕಳಿಗೆ, ನೆಟ್ಟು ಅಪ್ಪಂದಿರಿಗೆ," ಎಂದ ನಾಣಿ.

"ಮಡಚೋ ಗೆರೆ ಹಾಕಿರೋ ರೆಡಿಮೇಡ್ ಕಿಟ್ಟೇ ತರಿಸಿದ್ದೆ ಮಾರಾಯ. ಇನ್ನೂರು ರೂಪಾಯಿ. ಆದರೂ ಮುಚ್ಚಳ ಕೂರಲಿಲ್ಲ."

"ಕಿಟ್ಟು ಯಾವುದರಲ್ಲಿ ಬಂತು?"

"ರಟ್ಟಿನ ಡಬ್ಬದಲ್ಲಿ."

"ಡಬ್ಬ ಎಲ್ಲಿ?"

"ಕಸಕ್ಕೆ ಹಾಕಿದೆ."

ನಾಣಿ ಹಣೆ ಚಚ್ಚಿಕೊಂಡ. "ಅದನ್ನ ಬಿಚ್ಚಿ ಹರಡಿದ್ರೆ ಅದೇ ನೆಟ್ಟಲ್ವೇನೋ! ಎಳನೀರು ಎಸೆದು ಸ್ಟ್ರಾ ಇಟ್ಕೊಂಡ ಹಾಗಾಯ್ತು."

ರಾಯರು ರಿಟೈರಾದರೂ ಅವರೊಳಗಿನ ಗಣಿತದ ಮೇಷ್ಟ್ರು ರಿಟೈರಾಗಿಲ್ಲ. "ಘನಕ್ಕೆ ಅಂಚು 12. ಏಳನ್ನ ಕತ್ತರಿಸಿದರೆ ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತೆ. ಎಂಟನೇದಕ್ಕೆ ಕತ್ತರಿ ಹಾಕಿದ್ರೆ ತುಂಡಾಗಿ ಬೀಳುತ್ತೆ. ಆರು ಚೌಕಗಳನ್ನ ಅಂಚಿಗೆ ಅಂಚು ಕೂಡಿಸಿ 35 ಥರ ಜೋಡಿಸಬಹುದು. ಅದರಲ್ಲಿ ಮಡಚಿದರೆ ಘನ ಆಗೋದು 11 ಮಾತ್ರ."

"ಮಿಕ್ಕ 24 ವಿಶ್ವ ರಾತ್ರಿ ಮಾಡಿ ನೋಡಿದ್ದಾನೆ," ಎಂದ ನಾಣಿ.

"ನಗಬೇಡ್ರೋ. ನಾಳೆ ಇನ್ನೊಂದಿದೆ. ಒಂದೇ ವಸ್ತುವನ್ನ ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ನೋಡಿ ಮೂರು ಚಿತ್ರ ಬರೀಬೇಕು."

"ವಸ್ತು ಯಾಕೆ, ಅಪ್ಪನನ್ನೇ ಬರೀಲಿ. ಮುಂದಿನಿಂದ ಆಯತ. ಪಕ್ಕದಿಂದ ಆಯತಕ್ಕೆ ಒಂದು ಅರ್ಧವೃತ್ತ. ಮೇಲಿನಿಂದ ಪೂರ್ಣ ವೃತ್ತ, ನಡುವೆ ಹೊಳಪು."

ವಿಶ್ವ ತಲೆ ಸವರಿಕೊಂಡ. ಅಷ್ಟರಲ್ಲಿ ಪದ್ದಕ್ಕ ಕಾಫಿಯ ಜೊತೆ ರವೆ ಉಂಡೆ ತಂದರು.

"ಇದರ ನೆಟ್ ಮಾಡಿ ನೋಡೋಣ," ನಾಣಿ ಒಂದನ್ನು ಎತ್ತಿ ಹಿಡಿದ.

"ಗೋಳಕ್ಕೆ ನೆಟ್ಟೇ ಇಲ್ಲಪ್ಪ," ಎಂದರು ರಾಯರು. "ಎಷ್ಟು ಕತ್ತರಿಸಿದರೂ ಚಪ್ಪಟೆಯಾಗಿ ಕೂರಲ್ಲ. ಭೂಮಿಯನ್ನ ಗೋಡೆಗೆ ಹಚ್ಚೋಕೆ ಹೋಗಿಯೇ ಎಷ್ಟೋ ಭೂಪಟದಲ್ಲಿ ಗ್ರೀನ್‌ಲ್ಯಾಂಡು ಆಫ್ರಿಕಾದಷ್ಟು ಊದಿಕೊಂಡಿರೋದು. ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು."

"ಉಂಡೆ ಮಾತ್ರ ಊದಿಕೊಳ್ಳೋ ಹಾಗೆ ಕಾಣಲ್ಲ," ಎಂದು ನಾಣಿ ಅದನ್ನು ಬಾಯಿಗೆ ಹಾಕಿಕೊಂಡ. ಅಗಿಯುತ್ತಾ ಸುಮ್ಮನಾದ. ಆಮೇಲೆ ಹೇಳಿದ: "ನನಗೆ ಶಂಕು ಕಲಿಸಿದ್ದು ನಮ್ಮೂರ ಶೆಟ್ಟರು. ಹಳೇ ವಾರಪತ್ರಿಕೆ ಹಾಳೆ ಹರಿದು, ಬೆರಳಿಗೆ ಸುತ್ತಿ, ತುದಿ ತಿರುಚಿ, ಕಡಲೆಕಾಯಿ ಸುರಿದು ಕೊಡೋರು. ಅಂಟೂ ಇಲ್ಲ, ಕತ್ತರೀನೂ ಇಲ್ಲ. ತಿಂದಾದ ಮೇಲೆ ಪೊಟ್ಟಣ ಬಿಚ್ಚಿ ತೊಡೆ ಮೇಲೆ ಹರಡಿದ್ರೆ ಅದೇ ನೆಟ್ಟು."

"ಅದರಲ್ಲಿ ಕತೆ ಇರೋದು, ಅಲ್ವಾ?" ವಿಶ್ವ ಕೇಳಿದ.

"ಧಾರಾವಾಹಿ. ಒಂದ್ಸಲ ಸರಸ್ವತಿ ಅಂತ ಒಬ್ಬಳು ರಾತ್ರಿ ಹೊತ್ತು ಬಾವಿಕಟ್ಟೆ ಹತ್ತಿರ ನಿಂತಿದ್ದಾಳೆ. ಅಲ್ಲಿಗೆ ಕಾಗದ ಹರಿದಿದೆ. ಮಾರನೇ ದಿನ ಮತ್ತೆ ನಾಲ್ಕಾಣೆ ಕೊಟ್ಟು ಕಡಲೆಕಾಯಿ ತಗೊಂಡೆ. ಸಿಮೆಂಟಿನ ಜಾಹೀರಾತು ಬಂತು. ವಾರವಿಡೀ ತಿಂದೆ. ಶೆಟ್ಟರೂ ಹೋದರು, ಅಂಗಡಿಯೂ ಹೋಯ್ತು. ಅವಳು ಹಾರಿದಳೋ ಬಿಟ್ಟಳೋ, ಇವತ್ತಿಗೂ ಗೊತ್ತಿಲ್ಲ."

ಯಾರೂ ಮಾತಾಡಲಿಲ್ಲ.

"ನೀರು ಸೇದಿಕೊಂಡು ಮನೆಗೆ ಹೋಗಿರ್ತಾಳೆ ಬಿಡಿ," ಎಂದರು ಪದ್ದಕ್ಕ. "ಕಾಫಿ ಆರಿಹೋಗ್ತಿದೆ."