ತೋಟದ ಮಾತು ಈಗಲೇ ಬೇಡ ಮಾವ

ಮಾವ, ಡ್ಯೂಟಿ ಮುಗಿಸಿ ಈಗಷ್ಟೇ ಗ್ರೂಪ್ ನೋಡಿದೆ. ಪುಟ್ಟಿಗೆ ಪ್ರೈವೇಟ್ ಕೋಟಾದಲ್ಲಿ ಎಂಬಿಬಿಎಸ್ ಸೀಟು ಬಂದಿದೆ, ವರ್ಷಕ್ಕೆ 12 ಲಕ್ಷ ಫೀಸು, ಕೆಳಗಿನ ತೋಟ ಮಾರಿ ಸೇರಿಸೋಣವಾ ಅಂತ ಕೇಳಿದ್ದೀರಿ. ಎಲ್ಲರೂ 'ಮನೆಗೆ ಇನ್ನೊಬ್ಬ ಡಾಕ್ಟರು' ಅಂತ ಖುಷಿಪಟ್ಟಿದ್ದಾರೆ. ಲೆಕ್ಕ ಮಾತ್ರ ಯಾರೂ ಹಾಕಿಲ್ಲ. ಬೈದುಕೊಂಡರೂ ಪರವಾಗಿಲ್ಲ, ನಾನು ಹಾಕುತ್ತೇನೆ.

ನಾಲ್ಕೂವರೆ ವರ್ಷ ಓದು, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಫೀಸೇ 54 ಲಕ್ಷ ಆಯಿತು, ಹಾಸ್ಟೆಲ್ಲು ಪುಸ್ತಕ ಸೇರಿದರೆ 60 ದಾಟುತ್ತದೆ. ತೋಟ ಬೇಡ, ಸಾಲ ಮಾಡೋಣ ಅಂದರೂ ಏಳೂವರೆ ಲಕ್ಷ ದಾಟಿದ ಮೇಲೆ ಬ್ಯಾಂಕಿನವರು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತಾರೆ, ಅಂದರೆ ಸುತ್ತಿ ಬಳಸಿ ಅದೇ ತೋಟ. 60 ಲಕ್ಷಕ್ಕೆ 10 ಪರ್ಸೆಂಟ್ ಬಡ್ಡಿ, 15 ವರ್ಷ ಅಂತ ಹಿಡಿದರೆ ತಿಂಗಳ ಕಂತು 64,000ದ ಮೇಲೆ. ಓದುವಾಗ ಬೆಳೆಯುವ ಬಡ್ಡಿ ಬೇರೆ.

ನಾನು ಎಂಬಿಬಿಎಸ್ ಮುಗಿಸಿ ಒಂದು ನರ್ಸಿಂಗ್ ಹೋಮಿಗೆ ಸೇರಿದಾಗ ಕೈಗೆ ಬರುತ್ತಿದ್ದದ್ದು 38,000. ವಾರಕ್ಕೆ ಮೂರು ನೈಟು. ಬರೀ ಎಂಬಿಬಿಎಸ್ ಅಂದರೆ ನಮ್ಮೂರಿನವರೇ 'ಸ್ಪೆಷಲಿಸ್ಟ್ ಅಲ್ವಾ?' ಅಂತ ಮುಖ ನೋಡುತ್ತಾರೆ, ಹಾಗಾಗಿ ಪಿಜಿ ಮಾಡಲೇಬೇಕು, ಅದಕ್ಕೆ ಇನ್ನೊಂದು ನೀಟ್, ಮತ್ತೆ ಮೂರು ವರ್ಷ, ಅಲ್ಲೂ ಸರ್ಕಾರಿ ಸೀಟು ಸಿಗದಿದ್ದರೆ ಮೇಲಿನ ತೋಟ. ನಾನು ಶಿವಮೊಗ್ಗದ ಸರ್ಕಾರಿ ಮೆಡಿಕಲ್ ಕಾಲೇಜು ಸಿಮ್ಸ್‌ನಲ್ಲಿ ಸರ್ಕಾರಿ ಫೀಸಿನಲ್ಲಿ ಓದಿದವಳು, ಹೇಳುವುದು ನನಗೆ ಸುಲಭ, ಒಪ್ಪಿದೆ.

ಡಾಕ್ಟರಿಕೆಯೇ ಬೇಡ ಅನ್ನುತ್ತಿಲ್ಲ ಮಾವ. ಹೋದ ವಾರ ರಾತ್ರಿ ಹತ್ತಕ್ಕೆ ಅಡಿಕೆ ಹೆಕ್ಕುವ ಹೆಂಗಸೊಬ್ಬರನ್ನು ಕರೆತಂದರು, ಕೊಳಕುಮಂಡಲ ಹಾವು ಕಚ್ಚಿತ್ತು. ಒಣ ಗಾಜಿನ ಟ್ಯೂಬಿಗೆ ಸ್ವಲ್ಪ ರಕ್ತ ಹಾಕಿ ಅಲ್ಲಾಡಿಸದೆ 20 ನಿಮಿಷ ಇಟ್ಟು ಬಗ್ಗಿಸಿ ನೋಡುತ್ತೇವೆ. ವಿಷ ಏರಿಲ್ಲದಿದ್ದರೆ ಹೆಪ್ಪುಗಟ್ಟಿರಬೇಕು. ಇವರದ್ದು ನೀರಿನ ಹಾಗೆ ಹರಿಯಿತು. ಹಾವಿನ ವಿಷ ಇಳಿಸುವ ಔಷಧಿ ಹತ್ತು ವಯಲ್ ಹಾಕಿ ಪಕ್ಕದಲ್ಲೇ ಕೂತೆ. ಆರು ಗಂಟೆ ಬಿಟ್ಟು ಮತ್ತೆ ಬಗ್ಗಿಸಿದರೆ ರಕ್ತ ತಳದಲ್ಲೇ ಗಟ್ಟಿಯಾಗಿ ಕೂತಿತ್ತು. ಆಕೆ ಕಣ್ಣು ಬಿಟ್ಟು ಕೇಳಿದ್ದು, ಕೊಟ್ಟಿಗೆಯಲ್ಲಿ ಹಾಲು ಕರೆದರಾ ಅಂತ. ಅವತ್ತು ಸಂಬಳದ ನೆನಪೇ ಬರಲಿಲ್ಲ. ಆದರೆ ನನ್ನ ತಲೆ ಮೇಲೆ 64,000ದ ಕಂತು ಇದ್ದಿದ್ದರೆ ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಇರುತ್ತಲೇ ಇರಲಿಲ್ಲ, ಬೆಂಗಳೂರಿನಲ್ಲಿ ಎಲ್ಲೋ ಬೇಡದ ಸ್ಕ್ಯಾನ್ ಬರೆದುಕೊಂಡು ಕೂತಿರುತ್ತಿದ್ದೆ.

ಜಾರ್ಜಿಯಾಗೆ ಕಳಿಸಿ ಅಂತ ಭಾವ ಹಾಕಿದ್ದಾರೆ. ಭಾವ, ಅಲ್ಲಿಂದ ಬಂದ ಮೇಲೆ ಇಲ್ಲಿ ಎಫ್‌ಎಂಜಿಇ ಬರೆಯಬೇಕು, ಹೊರದೇಶದಲ್ಲಿ ಓದಿದ ಡಾಕ್ಟರುಗಳಿಗೆ ಇಡುವ ಪರೀಕ್ಷೆ. ಅದರಲ್ಲಿ ಪಾಸಾಗುವವರಿಗಿಂತ ಫೇಲಾಗುವವರೇ ಜಾಸ್ತಿ. ಏಜೆಂಟ್ ಅದನ್ನು ಹೇಳಲ್ಲ.

ಮಾವ, ಪುಟ್ಟಿ ಹತ್ತನೇ ಕ್ಲಾಸಿನವರೆಗೂ ಹಳ್ಳಿ ಶಾಲೆಯಲ್ಲೇ ಓದಿದ್ದರೆ 15 ಪರ್ಸೆಂಟ್ ಗ್ರಾಮೀಣ ಮೀಸಲಾತಿ ಸಿಗುತ್ತಿತ್ತು, ನೀವು ಎಂಟನೆಗೇ ಪೇಟೆಗೆ ಹಾಕಿದಿರಿ. ಇರಲಿ ಬಿಡಿ. ಅವಳಿಗಿನ್ನೂ 18. ಇನ್ನೊಂದು ವರ್ಷ ಓದಿ ನೀಟ್ ಬರೆಯಲಿ, ಸರ್ಕಾರಿ ಸೀಟಾದರೆ ವರ್ಷಕ್ಕೆ ಲಕ್ಷದೊಳಗೆ ಫೀಸು. ದನಕರು ಕಂಡರೆ ಅವಳಿಗೆ ಪ್ರಾಣ, ಶಿವಮೊಗ್ಗದಲ್ಲೇ ವೆಟರ್ನರಿ ಕಾಲೇಜೂ ಇದೆ, ಅದನ್ನು ಯಾಕೆ ಯಾರೂ ಬಾಯಿಬಿಟ್ಟು ಹೇಳಿಲ್ಲ? ಎಲೆಚುಕ್ಕೆ ರೋಗ ಬಂದು ತೋಟಕ್ಕೆ ಈಗ ರೇಟೂ ಇಲ್ಲ, ಅವಸರಕ್ಕೆ ಮಾರಿದರೆ ಕೊಳ್ಳುವವನಿಗೆ ಲಾಭ.

ದುಡ್ಡು ಕಟ್ಟಲು ಶುಕ್ರವಾರದವರೆಗೆ ಟೈಮ್ ಇದೆ ಅಲ್ವಾ? ನೀವಲ್ಲ, ಪುಟ್ಟಿಯೇ ನನಗೆ ಫೋನ್ ಮಾಡಲಿ. ಅತ್ತೆ ಪಕ್ಕದಲ್ಲಿ ಇರುವುದು ಬೇಡ. ರಾತ್ರಿ ಒಂಬತ್ತರ ಮೇಲೆ.