ತಪಾಸಣೆಯ ಭೇಟಿಗಳನ್ನು ಹೆಚ್ಚಿಸಿದರೆ ತಾಯಿ-ಮಗುವಿನ ಆರೋಗ್ಯ ಸುಧಾರಿಸುತ್ತದೆಯೇ?

ಹಸಿರೆಲೆ (ಪ್ರಶ್ನೆ):
ಗರ್ಭಿಣಿಯರಿಗೂ ಐದು ವರ್ಷದೊಳಗಿನ ಮಕ್ಕಳಿಗೂ ರೋಗ ಬರುವ ಮೊದಲೇ ಸಿಗಬೇಕಾದ ಸೇವೆಯನ್ನು ಇಡೀ ದೇಶದ ಮಟ್ಟದಲ್ಲಿ ಬಲಪಡಿಸುವುದಾದರೆ ಎಲ್ಲಿಂದ ಶುರು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಗರ್ಭಿಣಿಗೆ ನಾಲ್ಕು ತಪಾಸಣೆ ಭೇಟಿ ಸಾಲದು, ಎಂಟು ಬೇಕು ಎಂದಿತು: 12 ವಾರದೊಳಗೆ ಒಂದು, ಆಮೇಲೆ 20, 26, 30, 34, 36, 38, 40ನೇ ವಾರ. ಹಣವೂ ಸಿಬ್ಬಂದಿಯೂ ಕಡಿಮೆ ಇರುವಾಗ ಮೊದಲು ಮಾಡಬೇಕಾದ್ದು ಭೇಟಿ ಹೆಚ್ಚಿಸುವುದೋ, ಇನ್ನೇನೋ?

ಕ್ಷೇತ್ರವೈದ್ಯ:
ಭೇಟಿ ಎಷ್ಟಾಯಿತು ಅನ್ನುವುದಕ್ಕಿಂತ ಭೇಟಿಯಲ್ಲಿ ಏನಾಯಿತು ಅನ್ನುವುದನ್ನು ಲೆಕ್ಕ ಇಡಿ. ಎಂಟು ಸಲ ಬಂದು ಬರೀ ತೂಕ ನೋಡಿಸಿಕೊಂಡು ಹೋದರೆ ಏನು ಬಂತು? ಹಣವನ್ನು ಮೊದಲು 12 ವಾರದೊಳಗಿನ ಭೇಟಿಗೆ ಹಾಕಿ, ಅಲ್ಲೇ ಪರೀಕ್ಷೆ, ಅಂದೇ ಚಿಕಿತ್ಸೆ ಎಂಬಂತೆ ವ್ಯವಸ್ಥೆ ಮಾಡಿ.

ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಸೋಂಕನ್ನೇ ನೋಡಿ. ರಕ್ತದ ಮಾದರಿಯನ್ನು ದೂರದ ಲ್ಯಾಬಿಗೆ ಕಳಿಸಿ "ವರದಿಗೆ ಮುಂದಿನ ವಾರ ಬನ್ನಿ" ಎಂದರೆ ಎಷ್ಟೋ ಹೆಂಗಸರು ಮತ್ತೆ ಬರುವುದೇ ಇಲ್ಲ. ಸೋಂಕು ಮಗುವಿಗೆ ದಾಟುತ್ತದೆ. ಬೆರಳ ತುದಿಯ ರಕ್ತದ ಕ್ಷಿಪ್ರ ಪರೀಕ್ಷೆ ಮಾಡಿ, ಪಾಸಿಟಿವ್ ಬಂದರೆ ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್‌ನ ಮೊದಲ ಇಂಜೆಕ್ಷನ್ ಅಂದೇ ಕೊಟ್ಟುಬಿಡಬೇಕು. ನಂಜಿನ ಬಿಪಿಯ (ಬಸುರಿನಲ್ಲಿ ಬರುವ ಅಪಾಯಕಾರಿ ರಕ್ತದೊತ್ತಡದ) ಅಪಾಯ ಹೆಚ್ಚಿರುವವರಿಗೆ ಕೊಡುವ 75 ಮಿ.ಗ್ರಾಂ ಆಸ್ಪಿರಿನ್ ಕೂಡ 20 ವಾರಕ್ಕೆ ಮೊದಲೇ ಶುರುವಾಗಬೇಕು. ತಡವಾಗಿ ಬಂದವರಿಗೆ ಆ ಅವಕಾಶ ತಪ್ಪಿದಂತೆಯೇ.

ಫೋಲಿಕ್ ಆಮ್ಲಕ್ಕಂತೂ ಮೊದಲ ಭೇಟಿಯೇ ತಡ. ಗರ್ಭ ಕಟ್ಟಿದ ಸುಮಾರು 28 ದಿನಕ್ಕೆ ಮಗುವಿನ ನರನಾಳ (ಮುಂದೆ ಮೆದುಳು, ಬೆನ್ನುಹುರಿಯಾಗುವ ಭಾಗ) ಮುಚ್ಚಿಕೊಳ್ಳುತ್ತದೆ; ಫೋಲಿಕ್ ಆಮ್ಲ ಬೇಕಾಗುವುದು ಅದಕ್ಕೂ ಮೊದಲು. ಆ ಹೊತ್ತಿಗೆ ತಾನು ಬಸುರಿ ಅಂತ ಅನೇಕರಿಗೆ ಗೊತ್ತೇ ಇರುವುದಿಲ್ಲ. ಹಿಟ್ಟಿಗೇ ಫೋಲಿಕ್ ಆಮ್ಲ ಬೆರೆಸುವ ನಿಯಮ ಬೇಕಾಗುವುದು ಇದಕ್ಕೇ. ಅದು ಆಸ್ಪತ್ರೆಯೊಳಗೆ ಆಗುವ ಕೆಲಸವಲ್ಲ, ಸರ್ಕಾರವೇ ಮಾಡಬೇಕು.

ದಾದಿಯ ಡೈರಿ:
ಅಳತೆ ಸರಿ ಇಲ್ಲದಿದ್ದರೆ ಮೇಲಿನದೆಲ್ಲ ವ್ಯರ್ಥ. ಹಿಮೋಗ್ಲೋಬಿನ್‌ಗೆ ಬೆರಳು ಚುಚ್ಚಿದಾಗ ಮೊದಲ ಹನಿಗಳನ್ನು ಒರೆಸಿ ಆಮೇಲಿನದನ್ನು ತೆಗೆದುಕೊಳ್ಳಬೇಕು. ರಕ್ತ ಬರಲಿಲ್ಲವೆಂದು ಬೆರಳನ್ನು ಹಿಂಡಿದರೆ ಅಂಗಾಂಶದ ನೀರು ಸೇರಿ ರಕ್ತ ತೆಳುವಾಗುತ್ತದೆ, ಸಂಖ್ಯೆ ಸುಳ್ಳಾಗಿ ಇಳಿಯುತ್ತದೆ. ಬಿಪಿಗೆ ಐದು ನಿಮಿಷ ಕೂರಿಸಿ, ಬೆನ್ನಿಗೆ ಆಸರೆ ಕೊಡಿ, ತೋಳು ಎದೆಯ ಮಟ್ಟದಲ್ಲಿರಲಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಇಲ್ಲದವರಿಗೂ ಇದೆ ಎಂದು ತೋರಿಸುತ್ತದೆ. ಹಾಗಾಗಿ ಪ್ರತಿ ಕೇಂದ್ರದಲ್ಲೂ ದೊಡ್ಡ ಪಟ್ಟಿ ಇರಲೇಬೇಕು.

ಕಬ್ಬಿಣದ ಮಾತ್ರೆ ದಿನಕ್ಕೆ 30ರಿಂದ 60 ಮಿ.ಗ್ರಾಂ; ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಅದು ಸರಿಹೋಗುವವರೆಗೆ 120. ಕೊಟ್ಟ ಮಾತ್ರೆಗಳೆಲ್ಲ ಹೊಟ್ಟೆಗೆ ಹೋಗುತ್ತವೆ ಅಂದುಕೊಳ್ಳಬೇಡಿ. ವಾಕರಿಕೆ ಬಂದರೆ, ಮಲ ಕಪ್ಪಾದರೆ ಹೆದರಿ ಬಿಟ್ಟುಬಿಡುತ್ತಾರೆ. ಮಲ ಕಪ್ಪಾಗುವುದು ಸಹಜ, ವಾಕರಿಕೆ ಇದ್ದರೆ ರಾತ್ರಿ ಮಲಗುವ ಮುಂಚೆ ನುಂಗಿ, ಕ್ಯಾಲ್ಸಿಯಂ ಜೊತೆ ಬೇಡ ಎಂದು ಕೊಡುವಾಗಲೇ ಹೇಳಿ.

ಹಸಿರೆಲೆ:
ಅಂದೇ ಚಿಕಿತ್ಸೆ ಎಂಬ ಮಾತು ಮನಸ್ಸಿಗೆ ನಾಟಿತು. ಹೆರಿಗೆಯ ನಂತರ, ಮಕ್ಕಳ ವಿಷಯದಲ್ಲಿ ಎಲ್ಲಿ ಸೋರಿಕೆಯಾಗುತ್ತದೆ?

ಶೀತಸರಪಳಿ:
ಮೊದಲ ವಾರದಲ್ಲೇ. ಹೆರಿಗೆಯಾದ ಮೊದಲ 24 ಗಂಟೆ, ಆಮೇಲೆ 48ರಿಂದ 72 ಗಂಟೆಯೊಳಗೆ, 7ರಿಂದ 14 ದಿನದೊಳಗೆ, ಆರನೇ ವಾರ: ಬಾಣಂತಿ-ಮಗುವನ್ನು ನೋಡಬೇಕಾದ್ದು ಇಷ್ಟು ಸಲ. ಮನೆಗೆ ಕಳಿಸಿದ ಮೇಲೆ ಬರುವ ಎರಡನೆಯದೇ ಹೆಚ್ಚಾಗಿ ತಪ್ಪುತ್ತದೆ. ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ 24 ಗಂಟೆಯೊಳಗೆ ಬೀಳಬೇಕು, ಆದ್ದರಿಂದ ಅದನ್ನು ಹೆರಿಗೆ ಕೋಣೆಯ ಪಕ್ಕದ ಫ್ರಿಜ್‌ನಲ್ಲೇ ಇಡಿ.

ಆಮೇಲೆ ನೋಡಬೇಕಾದ್ದು ಪೆಂಟಾ ಲಸಿಕೆಯ (ಐದು ರೋಗಗಳಿಗೆ ಒಂದೇ ಚುಚ್ಚುಮದ್ದು) ಮೊದಲ ಮತ್ತು ಮೂರನೇ ಡೋಸ್‌ಗಳ ನಡುವಿನ ಅಂತರ. ಮೊದಲನೆಯದು ಪಡೆದ 100 ಮಕ್ಕಳಲ್ಲಿ 82 ಮಾತ್ರ ಮೂರನೆಯದಕ್ಕೆ ಬಂದರೆ ಶೇ. 18 ಬಿಟ್ಟುಹೋದಂತೆ. ಶೇ. 10 ದಾಟಿದರೆ ಜನರನ್ನು ದೂರುವ ಮೊದಲು ಕೇಂದ್ರವನ್ನು ನೋಡಿ: ಲಸಿಕೆ ಖಾಲಿಯಾಗಿತ್ತೇ, ಮುಂದಿನ ತಾರೀಖು ಕಾರ್ಡಿನಲ್ಲಿ ಬರೆದರೇ?

ದಡಾರ ಲಸಿಕೆಯದು ಬೇರೆ ತೊಂದರೆ. ಪುಡಿಯನ್ನು ದ್ರವದಲ್ಲಿ ಬೆರೆಸಿದ ಮೇಲೆ ಆರು ಗಂಟೆಯಲ್ಲಿ ಎಸೆಯಬೇಕು. ಹತ್ತು ಡೋಸಿನ ಬಾಟಲಿಯನ್ನು ಒಂದು ಮಗುವಿಗಾಗಿ ತೆರೆಯಲು ಸಿಬ್ಬಂದಿ ಹಿಂಜರಿಯುತ್ತಾರೆ, ಮಗು ಹಾಗೇ ಮರಳುತ್ತದೆ. ವ್ಯರ್ಥವಾದ ಡೋಸಿಗೆ ಲೆಕ್ಕ ಕೇಳಬೇಡಿ, ಇಲ್ಲವೇ ಐದು ಡೋಸಿನ ಬಾಟಲಿ ಖರೀದಿಸಿ.

ಕ್ಷೇತ್ರವೈದ್ಯ:
ಇದಕ್ಕೊಂದು ಸೇರಿಸುತ್ತೇನೆ. ಬಾಟಲಿಯ ಮೇಲಿನ ಬಣ್ಣ ಬದಲಾಗುವ ಗುರುತು ಶಾಖವನ್ನಷ್ಟೇ ತೋರಿಸುತ್ತದೆ. ಹೆಪ್ಪುಗಟ್ಟಿ ಕೆಟ್ಟ ಪೆಂಟಾ ಬಾಟಲಿಯ ಮೇಲೂ ಅದು ಚೆನ್ನಾಗಿಯೇ ಕಾಣುತ್ತದೆ. 2ರಿಂದ 8 ಡಿಗ್ರಿಯ ದಾಖಲೆಯನ್ನು ದಿನಕ್ಕೆರಡು ಸಲ ಬರೆಯುವುದಲ್ಲದೆ, ಪೆಂಟಾ, ಹೆಪಟೈಟಿಸ್ ಬಿ ಎರಡನ್ನೂ ಫ್ರೀಜರ್‌ನಿಂದಲೂ ಐಸ್‌ಪ್ಯಾಕ್‌ನಿಂದಲೂ ದೂರ ಇಡಿ.