ಐಟಿಐ ಅನುದಾನ ಯಂತ್ರಕ್ಕೇ ಮುಗಿದರೆ ತರಬೇತಿಗೆ ಉಳಿಯುವುದೇನು?

ನಿವೃತ್ತ ಪ್ರಾಚಾರ್ಯ, ಹಾವೇರಿ ಜಿಲ್ಲೆ

2025ರ ಮೇ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ, ಈಗ ಪಿಎಂ-ಸೇತು ಎಂದು ಕರೆಯುವ ಯೋಜನೆಗೆ 60,000 ಕೋಟಿ ರೂಪಾಯಿ ಗೊತ್ತುಪಡಿಸಲಾಗಿದೆ. ಕೇಂದ್ರದ ಪಾಲು 30,000 ಕೋಟಿ, ರಾಜ್ಯಗಳದು 20,000 ಕೋಟಿ, ಕೈಗಾರಿಕೆಗಳದು 10,000 ಕೋಟಿ. ದೇಶದ ಆಯ್ದ 1,000 ಸರ್ಕಾರಿ ಐಟಿಐಗಳಲ್ಲಿ 200 ಹಬ್‌ಗಳಾಗಿ, ಅಂದರೆ ಕೇಂದ್ರ ಸಂಸ್ಥೆಗಳಾಗಿ, 800 ಅವುಗಳಿಗೆ ಸೇರಿದ ಸ್ಪೋಕ್‌ಗಳಾಗಿ, ಅಂದರೆ ಉಪಸಂಸ್ಥೆಗಳಾಗಿ ಉನ್ನತೀಕರಣಗೊಳ್ಳಬೇಕು. ಸರ್ಕಾರದ ಒಡೆತನದಲ್ಲಿದ್ದು ಕೈಗಾರಿಕೆಯವರು ನಿರ್ವಹಿಸುವ ಸಂಸ್ಥೆಯೊಂದು ಹಣ ಮತ್ತು ಆಡಳಿತ ಎರಡನ್ನೂ ನೋಡಿಕೊಳ್ಳುತ್ತದೆ.

ಇಂಥದ್ದೇ ಭರವಸೆಯನ್ನು ನಾನು ಮೊದಲೂ ಕಂಡಿದ್ದೇನೆ. 2007-08ರಲ್ಲಿ 1,396 ಸರ್ಕಾರಿ ಐಟಿಐಗಳಿಗೆ ಸಾರ್ವಜನಿಕ-ಖಾಸಗಿ ಸಹಭಾಗಿತ್ವದ ಯೋಜನೆ ಬಂದಾಗ ಪ್ರತಿ ಸಂಸ್ಥೆಯ ನಿರ್ವಹಣಾ ಸಮಿತಿಗೂ ಎರಡೂವರೆ ಕೋಟಿ ರೂಪಾಯಿವರೆಗೆ ಬಡ್ಡಿರಹಿತ ಸಾಲ ದೊರೆಯಿತು. ಮೊದಲ ಹತ್ತು ವರ್ಷ ಕಂತಿಲ್ಲ, ಆಮೇಲಿನ ಇಪ್ಪತ್ತು ವರ್ಷಗಳಲ್ಲಿ ಮರುಪಾವತಿ. ಸಮಿತಿಗೆ ಕೈಗಾರಿಕೋದ್ಯಮಿ ಅಧ್ಯಕ್ಷರು, ಪ್ರಾಚಾರ್ಯನೇ ಕಾರ್ಯದರ್ಶಿ. ನಾನಿದ್ದ ಸಂಸ್ಥೆಗೆ ಹೊಸ ಲೇತ್‌ಗಳು ಬಂದವು, ವರ್ಕ್‌ಶಾಪಿನ ನೆಲಕ್ಕೆ ಟೈಲ್ಸ್ ಬಿತ್ತು, ಉಳಿದ ಹಣ ಬ್ಯಾಂಕಿನ ಠೇವಣಿಯಲ್ಲಿ ವರ್ಷಗಟ್ಟಲೆ ಕುಳಿತಿತು. ಸಾಲ ತೀರಿಸುವ ದಿನ ಬಂದೀತೆಂಬ ಅಂಜಿಕೆಯಿಂದ ಅದನ್ನು ಮುಟ್ಟಲು ಯಾರಿಗೂ ಧೈರ್ಯವಾಗಲಿಲ್ಲ. ಅದೇ ವರ್ಷಗಳಲ್ಲಿ ಮಕ್ಕಳ ಅಭ್ಯಾಸಕ್ಕೆ ಬೇಕಾದ ಕಚ್ಚಾ ಸಾಮಗ್ರಿ ಮಾತ್ರ ಸದಾ ಸಾಲದಾಗುತ್ತಿತ್ತು. ಈ ಬಾರಿ ಯಂತ್ರ ಕೊಳ್ಳುವ ಮುನ್ನ ಅದನ್ನು ನಡೆಸುವ ಖರ್ಚು ಯಾರದೆಂದು ಬರೆದಿಡಬೇಕು ಎಂಬುದು ನನ್ನ ಒತ್ತಾಯ.

ಲೆಕ್ಕಪತ್ರ ಶಾಖೆ

ಪ್ರಾಚಾರ್ಯರೇ, ಠೇವಣಿಯ ಕಾಲ ಮುಗಿದಿದೆ. ಕೇಂದ್ರ ಪುರಸ್ಕೃತ ಯೋಜನೆಗಳಿಗೆ 2021ರ ಜುಲೈನಿಂದ ಜಾರಿಯಾದ ಏಕ ನೋಡಲ್ ಖಾತೆಯ ವ್ಯವಸ್ಥೆಯಲ್ಲಿ ಒಂದು ಯೋಜನೆಗೆ ರಾಜ್ಯದಲ್ಲಿ ಒಂದೇ ಖಾತೆ ಇರುತ್ತದೆ. ಕೆಳಗಿನ ಸಂಸ್ಥೆಗಳಿಗೆ ಹಣ ಕೂಡಿಡಲಾಗದ, ಶೂನ್ಯ ಶಿಲ್ಕಿನ ಉಪಖಾತೆ ಮಾತ್ರ, ಬಡ್ಡಿ ಬಂದರೆ ಅದು ಸರ್ಕಾರಕ್ಕೇ ಹಿಂದಿರುಗುತ್ತದೆ. ಈ ಬಿಗಿಯನ್ನು ಕಿರುಕುಳವೆಂದು ಹಲವರು ಭಾವಿಸುತ್ತಾರೆ, ಆದರೆ ನೀವು ವಿವರಿಸಿದಂತೆ ಹಣ ಮಲಗಿದ್ದರಿಂದಲೇ ಈ ನಿಯಮಗಳು ಹುಟ್ಟಿದ್ದು.

ಸಣ್ಣ ಕೈಗಾರಿಕೆ, ಪೀಣ್ಯ

ನಾನು ಅಂಥ ಸಮಿತಿಯೊಂದರಲ್ಲಿ ಆರು ವರ್ಷ ಸದಸ್ಯನಾಗಿದ್ದೆ. ಸಭೆಗೆ ಹೋಗುವ ಹೊತ್ತಿಗೆ ನಡಾವಳಿ ಬೆರಳಚ್ಚಾಗಿ ಸಿದ್ಧವಿರುತ್ತಿತ್ತು, ನಮ್ಮಿಂದ ಬೇಕಾದದ್ದು ಸಹಿ ಮಾತ್ರ. ಬೋಧಕರನ್ನು ನೇಮಿಸುವ ಅಧಿಕಾರ ನಮಗಿರಲಿಲ್ಲ. ಇದ್ದ ಒಬ್ಬ ಒಳ್ಳೆಯ ಫಿಟ್ಟರ್ ಬೋಧಕರು ಎರಡನೇ ವರ್ಷವೇ ವರ್ಗವಾಗಿ ಹೋದಾಗ ನಾವು ಪತ್ರ ಬರೆದೆವು, ಉತ್ತರ ಬರಲಿಲ್ಲ. ಆದ್ದರಿಂದ ಹೊಸ ಯೋಜನೆಯಲ್ಲಿ ನಿರ್ವಹಣೆ ನಿಜವಾಗಿ ಕೈಗಾರಿಕೆಯ ಕೈಗೆ ಬರುವುದನ್ನು ನಾನು ಪೂರ್ತಿ ಬೆಂಬಲಿಸುತ್ತೇನೆ. ಹೊಣೆ ಹೊರಿಸಿ ಅಧಿಕಾರ ಕೊಡದಿದ್ದರೆ ಯಾವ ಸಮಿತಿಯೂ ನಡೆಯುವುದಿಲ್ಲ.

ಕಿರಿಯ ತರಬೇತಿ ಅಧಿಕಾರಿ, ವೆಲ್ಡರ್ ವಿಭಾಗ

ಅಧಿಕಾರ ಯಾರಿಗೆ ಎಂಬ ಮಾತಿನ ನಡುವೆ ನನ್ನ ವರ್ಕ್‌ಶಾಪಿನ ಲೆಕ್ಕವನ್ನೊಮ್ಮೆ ನೋಡಬೇಕೆಂದು ವಿನಂತಿ. ತಂಡದಲ್ಲಿ 20 ಮಕ್ಕಳು. 3.15 ಮಿಲಿಮೀಟರ್ ದಪ್ಪದ ಒಂದು ಬೆಸುಗೆ ರಾಡ್ ಹೆಚ್ಚೆಂದರೆ ಒಂದೂವರೆ ನಿಮಿಷದಲ್ಲಿ ಕರಗಿ ತುಂಡಾಗುತ್ತದೆ. ದಾಸ್ತಾನು ನೋಡಿಕೊಂಡು ನಾನು ಒಬ್ಬೊಬ್ಬರಿಗೆ ದಿನಕ್ಕೆ ಮೂರು ರಾಡ್ ಕೊಡುತ್ತೇನೆ. ಅಂದರೆ ಇಡೀ ದಿನದಲ್ಲಿ ಒಬ್ಬ ಹುಡುಗ ಕಿಡಿ ಹೊತ್ತಿಸಿ ಕೈ ಪಳಗಿಸಿಕೊಳ್ಳುವುದು ಐದು ನಿಮಿಷಕ್ಕೂ ಕಡಿಮೆ. ಉಳಿದ ಹೊತ್ತು ಅವನು ಇತರರು ಮಾಡುವುದನ್ನು ಕಪ್ಪು ಗಾಜಿನ ಹಿಂದೆ ನಿಂತು ನೋಡುತ್ತಾನೆ. ಬೆಸೆದ ತಗಡನ್ನೇ ಕತ್ತರಿಸಿ, ಅಂಚು ಉಜ್ಜಿ ಮತ್ತೆ ಬೆಸೆಯುತ್ತೇವೆ. ನಾಲ್ಕನೆಯ ಬಾರಿಗೆ ಆ ತಗಡು ಹಪ್ಪಳದಂತೆ ಸೊಟ್ಟಗಾಗಿರುತ್ತದೆ. ಮಳೆಗಾಲದಲ್ಲಿ ರಾಡ್‌ಗಳು ತೇವ ಹಿಡಿಯುತ್ತವೆ, ಒಣಗಿಸುವ ಓವನ್ ಕೆಟ್ಟು ಎರಡು ವರ್ಷವಾಯಿತು. ಪಕ್ಕದ ಕೋಣೆಯಲ್ಲಿ ಲಕ್ಷಾಂತರ ರೂಪಾಯಿಯ ವೆಲ್ಡಿಂಗ್ ಸಿಮ್ಯುಲೇಟರ್ ಇದೆ. ಅದು ಬೇಡವೆನ್ನುವುದಿಲ್ಲ, ಆದರೆ ಅದರಲ್ಲಿ ಕೈಗೆ ಶಾಖ ತಾಗುವುದಿಲ್ಲ.

ಹಳೆಯ ವಿದ್ಯಾರ್ಥಿನಿ, ವೆಲ್ಡರ್

ಸರ್ ಹೇಳಿದ್ದು ನನಗೆ ಅನುಭವಕ್ಕೆ ಬಂದ ಮಾತು. ಪ್ರಮಾಣಪತ್ರ ಹಿಡಿದು ಮೊದಲ ಕಾರ್ಖಾನೆಗೆ ಹೋದಾಗ ಪರೀಕ್ಷೆಗೆಂದು ತಲೆಯ ಮೇಲಿನ ಬೆಸುಗೆ, ಅಂದರೆ ತಲೆಗಿಂತ ಎತ್ತರದ ಜೋಡಣೆಯನ್ನು ಕೆಳಗಿನಿಂದ ಬೆಸೆಯುವ ಕೆಲಸ ಕೊಟ್ಟರು. ಆ ಭಂಗಿಯಲ್ಲಿ ನಾನು ವರ್ಷವಿಡೀ ಬೆಸೆದದ್ದು ಎರಡೇ ಸಲ. ಕರಗಿದ ಲೋಹ ತೋಳಿನ ಮೇಲೆ ಬಿದ್ದು ಕೈ ಹಿಂದಕ್ಕೆಳೆದುಕೊಂಡೆ, ಪರೀಕ್ಷೆ ಅಲ್ಲಿಗೇ ಮುಗಿಯಿತು. ಆಮೇಲೆ ಊರಿನ ಗ್ರಿಲ್ ಅಂಗಡಿಯಲ್ಲಿ ಎಂಟು ತಿಂಗಳು ಕೂಲಿಗಿದ್ದು ಕಲಿತೆ. ನನ್ನ ಹೆಸರಿನಲ್ಲಿ ಸರ್ಕಾರ ಖರ್ಚು ಮಾಡಿದ ಹಣದ ಕೆಲಸವನ್ನು ಆ ಅಂಗಡಿಯವರು ಮಾಡಿದರು.

ನಿವೃತ್ತ ಪ್ರಾಚಾರ್ಯ, ಹಾವೇರಿ ಜಿಲ್ಲೆ

ತಾಯಿ, ನಿಮ್ಮ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನನ್ನ ಅವಧಿಯಲ್ಲೂ ಹೀಗೆ ಹೊರಹೋದ ಮಕ್ಕಳಿದ್ದಾರೆ, ಅದರ ಹೊಣೆಯಲ್ಲಿ ನನ್ನ ಪಾಲೂ ಇದೆ. ಲೆಕ್ಕಪತ್ರದವರಿಗೆ ಒಂದು ನೇರ ಪ್ರಶ್ನೆ: ಕೋಟಿಗಟ್ಟಲೆ ಯಂತ್ರಕ್ಕೆ ಮಂಜೂರಾದ ಹಣದಲ್ಲಿ ಹತ್ತು ಸಾವಿರದ ರಾಡ್ ಕೊಳ್ಳಲು ಬಾರದೇಕೆ? ಹಣ ಬಳಕೆ ಪ್ರಮಾಣಪತ್ರದಲ್ಲಿ ಖರ್ಚಾಯಿತೇ ಎಂದು ಕೇಳುವ ಸರ್ಕಾರ ಮಗು ಕಲಿಯಿತೇ ಎಂದು ಏಕೆ ಕೇಳುವುದಿಲ್ಲ?

ಲೆಕ್ಕಪತ್ರ ಶಾಖೆ

ಮೊದಲ ಪ್ರಶ್ನೆಗೆ ಉತ್ತರ ಲೆಕ್ಕಶೀರ್ಷಿಕೆಯಲ್ಲಿದೆ. ಸಹಾಯಾನುದಾನವು ಸಾಮಾನ್ಯ, ವೇತನ, ಬಂಡವಾಳ ಆಸ್ತಿ ಸೃಜನೆ ಎಂದು ಬೇರೆಬೇರೆಯಾಗಿ ಬಿಡುಗಡೆಯಾಗುತ್ತದೆ. ಯಂತ್ರದ ಹಣ ಬಂಡವಾಳ ಆಸ್ತಿಗೆ ಸೇರಿದ್ದು, ರಾಡ್ ಸಾಮಾನ್ಯ ಶೀರ್ಷಿಕೆಯದು. ಮೇಲಿನ ಮಂಜೂರಾತಿ ಇಲ್ಲದೆ ಒಂದರಿಂದ ಇನ್ನೊಂದಕ್ಕೆ ಹಣ ಸರಿಸಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ, ಅದಕ್ಕೆ ಉತ್ತರ ಕೊಡುವಷ್ಟರಲ್ಲಿ ಅಧಿಕಾರಿ ನಿವೃತ್ತರಾಗುತ್ತಾರೆ.

ಎರಡನೆಯದನ್ನು ಮಾತ್ರ ನಾನು ಒಪ್ಪಲಾರೆ. ಹಣ ಬಳಕೆ ಪ್ರಮಾಣಪತ್ರಕ್ಕೆ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿರುವ 12-ಎ ನಮೂನೆ ಆರಂಭಿಕ ಶಿಲ್ಕು, ಬಡ್ಡಿ, ಖರ್ಚುಗಳಷ್ಟನ್ನೇ ಕೇಳುವುದಿಲ್ಲ, ಆ ಹಣದಿಂದ ಆದ ಭೌತಿಕ ಸಾಧನೆ ಮತ್ತು ಫಲಿತಾಂಶವನ್ನೂ ಅನುಬಂಧದಲ್ಲಿ ಕೊಡಿ ಎನ್ನುತ್ತದೆ. ನನ್ನ ಮೇಜಿಗೆ ಬರುವ ಬಹುಪಾಲು ಅನುಬಂಧಗಳಲ್ಲಿ ‘ಗುರಿ ಸಾಧಿಸಲಾಗಿದೆ’ ಎಂಬ ಒಂದೇ ಸಾಲು ಇರುತ್ತದೆ. ಮಾರ್ಚ್ ಕೊನೆಯ ವಾರದಲ್ಲಿ ಹತ್ತಾರು ಸಂಸ್ಥೆಗಳ ಕಾಗದ ಒಟ್ಟಿಗೆ ಬಂದಾಗ ನಾವೂ ಅದನ್ನೇ ಮುಂದಕ್ಕೆ ಕಳಿಸುತ್ತೇವೆ. ನಮೂನೆಯಲ್ಲಿ ಜಾಗವಿದೆ, ತುಂಬುವವರು ನಾವೇ ತುಂಬಲಿಲ್ಲ.

ಸಣ್ಣ ಕೈಗಾರಿಕೆ, ಪೀಣ್ಯ

ಇದು ಗೊತ್ತಿರಲಿಲ್ಲ. ಆದರೂ ಶೀರ್ಷಿಕೆಯ ಈ ಗೋಡೆ ಒಡೆಯಬೇಕಾದರೆ ಕೈಗಾರಿಕೆ ನಿರ್ವಹಿಸುವ ಸಂಸ್ಥೆಯೇ ದಾರಿ ಎಂಬುದು ನನ್ನ ಅನಿಸಿಕೆ. ನಮ್ಮಲ್ಲಿ ಯಂತ್ರ ಕೊಳ್ಳುವಾಗಲೇ ಮೂರು ವರ್ಷದ ಟೂಲ್, ಎಣ್ಣೆ, ರಿಪೇರಿ ಸೇರಿಸಿ ಲೆಕ್ಕ ಹಾಕುತ್ತೇವೆ.

ನಿವೃತ್ತ ಪ್ರಾಚಾರ್ಯ, ಹಾವೇರಿ ಜಿಲ್ಲೆ

ನಿಮ್ಮ ಪೀಣ್ಯಕ್ಕೆ ಅದು ಸರಿ. ನಮ್ಮ ಕಡೆಯ ತಾಲ್ಲೂಕು ಐಟಿಐಗೆ ದೊಡ್ಡ ಕಂಪನಿ ಎಲ್ಲಿಂದ ಬರಬೇಕು? ಇಲ್ಲಿನ ಮಕ್ಕಳು ಹೋಗುವುದು ಟ್ರ್ಯಾಕ್ಟರ್ ಟ್ರೈಲರ್ ಕಟ್ಟುವ ಶೆಡ್‌ಗಳಿಗೆ, ಅವುಗಳ ಮಾಲೀಕರು ಯಾವ ಆಡಳಿತ ಮಂಡಳಿಯಲ್ಲೂ ಕೂರುವುದಿಲ್ಲ. ಹಬ್ ಆದ ಜಿಲ್ಲಾ ಕೇಂದ್ರದ ಸಂಸ್ಥೆಗೆ ರೋಬೋಟ್ ಬಂದು, ಸ್ಪೋಕ್ ಆದ ತಾಲ್ಲೂಕಿನದಕ್ಕೆ ಫಲಕ ಮಾತ್ರ ಬರಬಾರದು. ನಮ್ಮ ರಾಜ್ಯದಲ್ಲೇ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಐಟಿಐಗಳನ್ನು ಉನ್ನತೀಕರಿಸಿ, 2022ರ ಜೂನ್‌ನಲ್ಲಿ ಪ್ರಧಾನಿಯವರು ಉದ್ಘಾಟಿಸಿದರು. ಅದು ದೊಡ್ಡ ಕೆಲಸವೇ. ಆ ಯಂತ್ರಗಳ ವಾರ್ಷಿಕ ನಿರ್ವಹಣೆಗೆ ಮುಂದೆ ಯಾವ ಶೀರ್ಷಿಕೆಯಿಂದ ಹಣ ಬರಬೇಕು ಎಂಬುದನ್ನೇ ನಾನು ಆಗಲೂ ಕೇಳಿದ್ದೆ, ಈಗಲೂ ಕೇಳುತ್ತಿದ್ದೇನೆ. ಸ್ಪೋಕ್ ಸಂಸ್ಥೆಗಳ ಕಚ್ಚಾ ಸಾಮಗ್ರಿಗೆ ಪ್ರತ್ಯೇಕ ಮೊತ್ತವನ್ನು ಯೋಜನಾ ವರದಿಯಲ್ಲೇ ತೆಗೆದಿಟ್ಟು, ಅದನ್ನು ಹಬ್ ಮುಟ್ಟದಂತೆ ಕಟ್ಟುಮಾಡಬೇಕು.

ಲೆಕ್ಕಪತ್ರ ಶಾಖೆ

ಅದು ಸಾಧ್ಯವಿದೆ. ಮಂಜೂರಾತಿ ಆದೇಶದಲ್ಲೇ ಸಾಮಾನ್ಯ ಶೀರ್ಷಿಕೆಯಡಿ ಸಂಸ್ಥೆವಾರು ಮೊತ್ತ ನಮೂದಿಸಿದರೆ ಮುಂದೆ ಯಾರೂ ಅದನ್ನು ಯಂತ್ರಕ್ಕೆ ತಿರುಗಿಸಲಾರರು. ಪ್ರಸ್ತಾವನೆ ಸಿದ್ಧವಾಗುವ ಹಂತದಲ್ಲೇ ಅದನ್ನು ಸೇರಿಸಬೇಕು. ಆದೇಶ ಹೊರಬಿದ್ದ ಮೇಲೆ ನನ್ನಂಥವರು ಏನೂ ಮಾಡಲಾಗದು.

ಕಿರಿಯ ತರಬೇತಿ ಅಧಿಕಾರಿ, ವೆಲ್ಡರ್ ವಿಭಾಗ

ಹಾಗಿದ್ದರೆ ನನ್ನ ಪಾಲಿನದನ್ನು ಈ ತಿಂಗಳೇ ಆರಂಭಿಸುತ್ತೇನೆ. ದಾಸ್ತಾನು ವಹಿಯಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಕೊಟ್ಟ ರಾಡ್‌ಗಳ ಸಂಖ್ಯೆ ಮತ್ತು ಬೆಸೆದ ಭಂಗಿ ಬರೆಯಲು ಎರಡು ಕಲಂ ಹಾಕಿದ್ದೇನೆ. ಮಾರ್ಚ್‌ನಲ್ಲಿ ಅನುಬಂಧಕ್ಕೆ ‘ಗುರಿ ಸಾಧಿಸಲಾಗಿದೆ’ ಎಂಬ ಸಾಲಿನ ಬದಲು ಆ ಅಂಕಿಗಳನ್ನೇ ಬರೆದು ಪ್ರಾಚಾರ್ಯರ ಸಹಿಗೆ ಇಡುತ್ತೇನೆ. ತಲೆಯ ಮೇಲಿನ ಬೆಸುಗೆಯ ಕಲಂ ಬಹುತೇಕ ಖಾಲಿ ಇರುತ್ತದೆ, ಅದನ್ನು ಖಾಲಿಯಾಗಿಯೇ ಕಳಿಸುತ್ತೇನೆ.